ಮಾತ್ರೆಯ ಲೆಕ್ಕ, ದೇಹದ ಲೆಕ್ಕ



ನಿಮ್ಮ ಮನೆಯಲ್ಲಿ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಓದಿ ಹೇಳುವವರು ಯಾರು? ಹಳ್ಳಿಯ ಅನೇಕ ಮನೆಗಳಲ್ಲಿ ಆ ಕೆಲಸ ನಿಮ್ಮ ಪಾಲಿನದು. ಮೈಸೂರಿಗೆ ಹೋಗಿ ಹೃದಯದ ವೈದ್ಯರಿಗೆ ತೋರಿಸಿಕೊಂಡು, ಸಂಜೆಯ ಬಸ್ಸಿನಲ್ಲಿ ಸಾಲಿಗ್ರಾಮಕ್ಕೋ ಮಿರ್ಲೆಗೋ ಹಿಂದಿರುಗಿದ ಅಜ್ಜ ಔಷಧಿಯ ಚೀಲವನ್ನು ಜಗಲಿಯ ಮೇಲಿಟ್ಟು, 'ಏನು ಬರೆದಿದ್ದಾರೆ ನೋಡಪ್ಪ' ಎನ್ನುತ್ತಾರೆ. ನೀವು ಓದುತ್ತೀರಿ. ಮಾತ್ರೆಯ ಹೆಸರು, ಅದರ ಮುಂದೆ ಒಂದು ಅಂಕಿ, ಅಂಕಿಯ ಮುಂದೆ ಮಿಲಿಗ್ರಾಂ ಎಂಬ ಮಾತು. ಬೆಳಿಗ್ಗೆ ಒಂದು, ರಾತ್ರಿ ಒಂದು. ಅಲ್ಲಿಗೆ ಕೆಲಸ ಮುಗಿಯಿತು ಅನ್ನಿಸುತ್ತದೆ.

ಮುಗಿಯುವುದಿಲ್ಲ. ನಾಲ್ಕು ದಿನ ಕಳೆದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. 'ನಿನ್ನೆ ರಾತ್ರಿಯದು ಮರೆತೇಹೋಯಿತು, ಇವತ್ತು ಎರಡು ನುಂಗಿಬಿಡಲೇ?' 'ಈಗ ಮೈ ಹಗುರವಾಗಿದೆ, ಅರ್ಧ ಮಾತ್ರೆ ಸಾಕಲ್ಲವೇ?' 'ನಾಳೆ ಏಕಾದಶಿ, ಊಟವಿಲ್ಲ. ಬರೀ ನೀರಿನಲ್ಲಿ ನುಂಗಿದರಾಯಿತಲ್ಲ?' ಈ ಪ್ರಶ್ನೆಗಳಿಗೆ ಮನೆಯಲ್ಲಿ ಉತ್ತರ ಕೊಡುವವರೂ ಸಾಮಾನ್ಯವಾಗಿ ಓದಿದ ಮಕ್ಕಳೇ. ಶಾಲೆಯಲ್ಲಿ ಕಲಿತ ತ್ರೈರಾಶಿ ಥಟ್ಟನೆ ನೆನಪಿಗೆ ಬರುತ್ತದೆ: ಒಂದು ಮಾತ್ರೆಗೆ ಇಷ್ಟು ಗುಣವಾದರೆ, ಎರಡು ಮಾತ್ರೆಗೆ ಎಷ್ಟು? ಅದರ ಎರಡರಷ್ಟು. ಅರ್ಧ ಮಾತ್ರೆಗೆ? ಅರ್ಧದಷ್ಟು.

ಇಂದಿನ ನಮ್ಮ ಮಾತುಕತೆ ಈ ತ್ರೈರಾಶಿಯನ್ನು ಕುರಿತದ್ದು. ಅಕ್ಕಿಗೆ, ಬಟ್ಟೆಗೆ, ಕೂಲಿಗೆ ಸರಿಹೊಂದುವ ಈ ಲೆಕ್ಕ ಹೃದಯದ ಔಷಧಿಗಳ ವಿಷಯದಲ್ಲಿ ಎಷ್ಟೋ ಸಲ ತಪ್ಪುತ್ತದೆ. ಪ್ರಮಾಣ ಎರಡರಷ್ಟಾದಾಗ ದೇಹಕ್ಕೆ ದಕ್ಕುವುದು ಕೆಲವು ಔಷಧಿಗಳಲ್ಲಿ ಎರಡರಷ್ಟಕ್ಕಿಂತ ಕಡಿಮೆ, ಕೆಲವುಗಳಲ್ಲಿ ಎರಡರಷ್ಟಕ್ಕಿಂತ ಬಹಳ ಹೆಚ್ಚು. ಹೀಗೇಕೆ ಎಂಬುದನ್ನು ಒಂದೊಂದಾಗಿ ನೋಡೋಣ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯನಲ್ಲ, ವಿಜ್ಞಾನ ಓದಿ ದೂರದರ್ಶನದಲ್ಲಿ ಕೆಲಸ ಮಾಡುವವನು. ಇಲ್ಲಿ ಹೇಳುವುದು ಔಷಧಿ ಹೇಗೆ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯೇ ಹೊರತು ಯಾರಿಗೂ ಚಿಕಿತ್ಸೆಯಲ್ಲ.

ನುಂಗಿದ ಮಾತ್ರೆಯ ದಾರಿ

ಮಾತ್ರೆಯನ್ನು ನುಂಗಿದ ಕೂಡಲೇ ಅದು ಹೃದಯವನ್ನು ಸೇರುವುದಿಲ್ಲ. ಮೊದಲು ಜಠರಕ್ಕೆ ಇಳಿಯುತ್ತದೆ. ಅಲ್ಲಿ ಒಡೆದು ಪುಡಿಯಾಗುತ್ತದೆ, ನೀರಿನಲ್ಲಿ ಕರಗಲು ಆರಂಭಿಸುತ್ತದೆ. ಅಲ್ಲಿಂದ ಸಣ್ಣ ಕರುಳಿಗೆ ಸಾಗುತ್ತದೆ. ಸಣ್ಣ ಕರುಳು ಸುಮಾರು 6 ಮೀಟರ್ ಉದ್ದದ ಕೊಳವೆ. ಅದರ ಒಳಗೋಡೆಯ ತುಂಬ ಮಖಮಲ್ಲಿನ ಎಳೆಗಳಂತೆ ಸಣ್ಣ ಸಣ್ಣ ಚಾಚುಗಳಿವೆ. ಕರಗಿದ ಔಷಧಿಯನ್ನು ಹೀರಿಕೊಳ್ಳುವುದು ಮುಖ್ಯವಾಗಿ ಈ ಗೋಡೆ. ಕರಗದೆ ಉಳಿದದ್ದು ಮಲದೊಡನೆ ಹೊರಗೆ ಹೋಗುತ್ತದೆ.

ಗೋಡೆಯನ್ನು ದಾಟಿದ ಔಷಧಿ ರಕ್ತ ಸೇರಿತು, ಇನ್ನು ಹೃದಯಕ್ಕೆ ಹೋಗುತ್ತದೆ ಎಂದುಕೊಳ್ಳಬೇಡಿ. ಕರುಳಿನಿಂದ ಹೊರಟ ರಕ್ತವೆಲ್ಲ ಒಂದು ದೊಡ್ಡ ಅಭಿಧಮನಿಯಲ್ಲಿ ಸೇರಿ ಯಕೃತ್ತಿಗೆ ಹೋಗುತ್ತದೆ. ನಮ್ಮ ಯಕೃತ್ತಿನ ಮೂಲಕ ಪ್ರತಿ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರ್ ರಕ್ತ ಹರಿಯುತ್ತದೆ. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಈ ಅಭಿಧಮನಿಯಿಂದಲೇ ಬಂದದ್ದು. ನಾವು ತಿಂದ ಆಹಾರದೊಡನೆ ಬರಬಹುದಾದ ವಿಷವನ್ನು ದೇಹದ ಎಲ್ಲೆಡೆ ಹರಡುವ ಮೊದಲೇ ಹಿಡಿಯಲು ಪ್ರಕೃತಿ ಮಾಡಿರುವ ಏರ್ಪಾಡು ಇದು. ಯಕೃತ್ತಿನ ಜೀವಕೋಶಗಳಲ್ಲಿರುವ ಕಿಣ್ವಗಳಿಗೆ ವಿಷ ಯಾವುದು, ಔಷಧಿ ಯಾವುದು ಎಂಬ ಭೇದವಿಲ್ಲ. ಹೊರಗಿನಿಂದ ಬಂದ ವಸ್ತುವನ್ನು ಮಾರ್ಪಡಿಸಿ ಹೊರಹಾಕುವುದೇ ಅವುಗಳ ಕೆಲಸ. ಅವುಗಳ ಕೈಯಿಂದ ತಪ್ಪಿಸಿಕೊಂಡು ಉಳಿದ ಔಷಧಿ ಮಾತ್ರ ಹೃದಯ ತಲುಪಿ, ಅಲ್ಲಿಂದ ದೇಹದ ಎಲ್ಲ ಭಾಗಗಳಿಗೆ ಹಂಚಿಕೆಯಾಗುತ್ತದೆ.

ಹೀಗೆ ನುಂಗಿದ ಪ್ರಮಾಣದಲ್ಲಿ ಕೊನೆಗೆ ರಕ್ತದಲ್ಲಿ ಉಳಿದ ಭಾಗವನ್ನು ಔಷಧಶಾಸ್ತ್ರದಲ್ಲಿ ಜೈವಿಕ ಲಭ್ಯತೆ ಎನ್ನುತ್ತಾರೆ. ನಾವು ಸುಲಭವಾಗಿ ಅದನ್ನು 'ದಕ್ಕಿದ ಪಾಲು' ಎನ್ನೋಣ. ರಕ್ತನಾಳಕ್ಕೆ ನೇರವಾಗಿ ಚುಚ್ಚಿದ ಔಷಧಿಯಲ್ಲಿ ದಕ್ಕಿದ ಪಾಲು ನೂರಕ್ಕೆ ನೂರು. ನುಂಗಿದ್ದರಲ್ಲಿ ಅದು ಔಷಧಿಯಿಂದ ಔಷಧಿಗೆ ಬದಲಾಗುತ್ತದೆ. ಅಷ್ಟೇ ಅಲ್ಲ, ಕೆಲವು ಔಷಧಿಗಳಲ್ಲಿ ಪ್ರಮಾಣದಿಂದ ಪ್ರಮಾಣಕ್ಕೂ ಬದಲಾಗುತ್ತದೆ.

ನಾಲೆಯ ಕೊನೆಗೆ ನೀರು

ಕಾವೇರಿಯ ನಾಲೆಗಳ ಸೀಮೆಯಲ್ಲಿ ಹುಟ್ಟಿದವರಿಗೆ ಇದನ್ನು ತಿಳಿಸುವುದು ಸುಲಭ. ಕೃಷ್ಣರಾಜನಗರ, ಚುಂಚನಕಟ್ಟೆ, ಸಾಲಿಗ್ರಾಮದ ಸುತ್ತಿನ ಬತ್ತದ ಗದ್ದೆಗಳನ್ನು ನೋಡಿದವರು ಯೋಚಿಸಿ. ಬೇಸಿಗೆ ಪೂರ್ತಿ ಒಣಗಿ ಬಿರುಕುಬಿಟ್ಟ ಮಣ್ಣಿನ ನಾಲೆಗೆ ಮೊದಲ ಸಲ ನೀರು ಬಿಡುತ್ತಾರೆ. ತೂಬನ್ನು ಸ್ವಲ್ಪವೇ ಎತ್ತಿದರೆ ಏನಾಗುತ್ತದೆ? ಆ ನೀರನ್ನೆಲ್ಲ ನಾಲೆಯ ತಳವೇ ಕುಡಿದುಬಿಡುತ್ತದೆ. ಕೊನೆಯ ಗದ್ದೆಯ ರೈತನಿಗೆ ಒಂದು ಬೊಗಸೆಯೂ ಬರುವುದಿಲ್ಲ. ತೂಬನ್ನು ಇನ್ನಷ್ಟು ಎತ್ತಿದಾಗ ನಾಲೆಯ ತಳ ತನ್ನಿಂದಾದಷ್ಟನ್ನು ಕುಡಿಯುತ್ತದೆ, ಉಳಿದದ್ದು ಮುಂದೆ ಹರಿಯುತ್ತದೆ. ಅಲ್ಲಿಂದ ಮುಂದೆ ಬಿಟ್ಟ ನೀರಿನಲ್ಲಿ ಹೆಚ್ಚು ಭಾಗ ಕೊನೆಯ ಗದ್ದೆಗೇ ಸೇರುತ್ತದೆ. ತೂಬಿನ ಬಳಿ ನೀರು ಎರಡರಷ್ಟಾದರೆ ಕೊನೆಯ ಗದ್ದೆಯಲ್ಲಿ ಐದರಷ್ಟಾಗಬಹುದು. ಯಾವ ನೀರುಗಂಟಿಯನ್ನು ಕೇಳಿದರೂ ಈ ಮಾತನ್ನು ಒಪ್ಪುತ್ತಾನೆ.

ಯಕೃತ್ತು ಈ ನಾಲೆಯ ತಳದಂತೆ. ಇದಕ್ಕೆ ಒಳ್ಳೆಯ ಉದಾಹರಣೆ ಪ್ರೊಪ್ರನೊಲಾಲ್ ಎಂಬ ಔಷಧಿ. ಬ್ರಿಟನ್ನಿನ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಮತ್ತು ಅವರ ಸಂಗಡಿಗರು 1964ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಗಾಬರಿಯಾದಾಗ, ಓಡಿದಾಗ ನಮ್ಮ ಎದೆ ಡವಡವ ಎನ್ನುವುದು ಅಡ್ರಿನಲಿನ್ ಎಂಬ ಹಾರ್ಮೋನಿನಿಂದ ತಾನೆ? ಆ ಹಾರ್ಮೋನು ಹೃದಯದ ಮೇಲೆ ಬೀರುವ ಒತ್ತಡವನ್ನು ತಡೆದು, ಹೃದಯದ ಬಡಿತವನ್ನೂ ಅದರ ದುಡಿಮೆಯನ್ನೂ ಇಳಿಸುವ ಔಷಧಿ ಇದು. ಎದೆನೋವಿನ ಚಿಕಿತ್ಸೆಯಲ್ಲಿ ಇದೊಂದು ದೊಡ್ಡ ತಿರುವಾಯಿತು. ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಇದೇ ಗುಂಪಿನ ಹೊಸ ಔಷಧಿಗಳು ಇಂದು ಹೃದ್ರೋಗಿಗಳ ಚೀಟಿಗಳಲ್ಲಿ ಸಾಮಾನ್ಯ.

ಈ ಔಷಧಿಯಲ್ಲಿ ವೈದ್ಯರಿಗೆ ಮೊದಲು ವಿಚಿತ್ರವಾಗಿ ಕಂಡದ್ದು ಒಂದಿತ್ತು. ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವಾಗ 1ರಿಂದ 3 ಮಿಲಿಗ್ರಾಂ ಸಾಕಾಗುತ್ತಿತ್ತು. ಬಾಯಿಂದ ಕೊಡುವಾಗ 40 ಮಿಲಿಗ್ರಾಂ, 80 ಮಿಲಿಗ್ರಾಂ ಬೇಕಾಗುತ್ತಿತ್ತು. ಕರುಳು ಇದನ್ನು ಹೀರಿಕೊಳ್ಳುತ್ತಿಲ್ಲವೇ ಎಂದರೆ, ಹಾಗೇನೂ ಇಲ್ಲ. ಕರುಳು ಹೆಚ್ಚುಕಡಿಮೆ ಪೂರ್ತಿಯಾಗಿ ಹೀರಿಕೊಳ್ಳುತ್ತದೆ. ಆದರೆ ಯಕೃತ್ತು ಮೊದಲ ಸುತ್ತಿನಲ್ಲೇ ಅದರ ಬಹುಭಾಗವನ್ನು ತೆಗೆದುಹಾಕುತ್ತದೆ. ಸರಾಸರಿಯಾಗಿ ರಕ್ತದಲ್ಲಿ ಉಳಿಯುವುದು ಸುಮಾರು ಕಾಲು ಭಾಗ. 1970ರ ದಶಕದ ಆರಂಭದಲ್ಲಿ ನಡೆದ ಸಂಶೋಧನೆಗಳು ಇನ್ನೊಂದು ಸಂಗತಿಯನ್ನು ತೋರಿಸಿದವು. ಒಂದೇ ಸಲ ಸಣ್ಣ ಪ್ರಮಾಣ ನುಂಗಿದವರ ರಕ್ತದಲ್ಲಿ ಔಷಧಿ ತೀರಾ ಅತ್ಯಲ್ಪ. ಪ್ರಮಾಣ ಹೆಚ್ಚಿಸುತ್ತ ಹೋದಂತೆ ದಕ್ಕಿದ ಪಾಲೇ ದೊಡ್ಡದಾಗುತ್ತ ಹೋಯಿತು.

ಲೆಕ್ಕ ತಿಳಿಯಲು ಹೀಗೆ ಭಾವಿಸಿ. ಒಂದು ಔಷಧಿ ಇದೆ. ಯಕೃತ್ತು ಒಂದು ಸಲಕ್ಕೆ ಅದರ 30 ಮಿಲಿಗ್ರಾಂ ತೆಗೆದುಹಾಕಬಲ್ಲದು. 20 ನುಂಗಿದರೆ ರಕ್ತಕ್ಕೆ ಉಳಿಯುವುದು ಸೊನ್ನೆ. 40 ನುಂಗಿದರೆ ಉಳಿಯುವುದು 10. 80 ನುಂಗಿದರೆ ಉಳಿಯುವುದು 50. ನೋಡಿದಿರಾ? ಮಾತ್ರೆ 40ರಿಂದ 80ಕ್ಕೆ ಹೋದಾಗ ನುಂಗಿದ್ದು ಎರಡರಷ್ಟು, ದಕ್ಕಿದ್ದು ಐದರಷ್ಟು! ಅದೇ ರೀತಿ 40ನ್ನು ಅರ್ಧ ಮಾಡಿ 20 ತೆಗೆದುಕೊಂಡರೆ ಗುಣ ಅರ್ಧವಾಗಲಿಲ್ಲ, ಇಲ್ಲವೇ ಇಲ್ಲವಾಯಿತು.

ಇವು ನಮ್ಮ ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಜವಾದ ಯಕೃತ್ತು ಇಷ್ಟು ಕಟ್ಟುನಿಟ್ಟಾದ ಗೆರೆ ಎಳೆಯುವುದಿಲ್ಲ. ಕಿಣ್ವಗಳಿಗೆ ಕೆಲಸ ಹೆಚ್ಚಾದಂತೆ ಅವುಗಳ ಕೈಯಿಂದ ತಪ್ಪಿಸಿಕೊಳ್ಳುವ ಪಾಲು ಮೆಲ್ಲಮೆಲ್ಲನೆ ಏರುತ್ತದೆ. ದಿನವೂ ತೆಗೆದುಕೊಳ್ಳುವವರಲ್ಲಿ, ನೆನೆದ ನಾಲೆ ಕಡಿಮೆ ನೀರು ಕುಡಿಯುವಂತೆ, ಯಕೃತ್ತು ತೆಗೆದುಹಾಕುವ ಪಾಲೂ ಸ್ವಲ್ಪ ಕಡಿಮೆಯಾಗುತ್ತದೆ. ಯಕೃತ್ತಿನ ಕಾಯಿಲೆ ಇರುವವರಲ್ಲಿ ಇನ್ನೂ ಕಡಿಮೆಯಾಗುತ್ತದೆ. ಅಂಥವರಿಗೆ ಸಾಧಾರಣ ಪ್ರಮಾಣವೇ ಅತಿಯಾಗಬಹುದು. ಊಟದೊಡನೆ ತೆಗೆದುಕೊಂಡಾಗಲೂ ಪ್ರೊಪ್ರನೊಲಾಲ್ ಹೆಚ್ಚು ದಕ್ಕುತ್ತದೆ. ಆದ್ದರಿಂದ ಈ ಔಷಧಿಯನ್ನು ಒಂದು ದಿನ ಊಟಕ್ಕೆ ಮುಂಚೆ, ಇನ್ನೊಂದು ದಿನ ಊಟದ ಮೇಲೆ ಎಂದು ಮನಬಂದಂತೆ ನುಂಗುವುದು ಸರಿಯಲ್ಲ.

ಈ ಗುಂಪಿನ ಔಷಧಿಗಳ ಬಗ್ಗೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಮೈ ಹಗುರವಾಯಿತೆಂದು ಇವನ್ನು ಥಟ್ಟನೆ ನಿಲ್ಲಿಸಬಾರದು. ಇಷ್ಟು ದಿನ ತಡೆದಿಟ್ಟಿದ್ದ ಒತ್ತಡ ಒಮ್ಮೆಲೇ ಹೃದಯದ ಮೇಲೆ ಬಿದ್ದು ಎದೆನೋವು, ಕೆಲವೊಮ್ಮೆ ಹೃದಯಾಘಾತವೂ ಆಗಬಹುದು. ನಿಲ್ಲಿಸುವುದಾದರೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಕರಗದ ಉಪ್ಪು

ಈಗ ಇದಕ್ಕೆ ವಿರುದ್ಧವಾದ ಕಥೆ. ಅದಕ್ಕೆ ಮುಂಚೆ ಒಂದು ಸಣ್ಣ ಪ್ರಯೋಗ. ಒಂದು ಲೋಟದಲ್ಲಿ 100 ಮಿಲಿಲೀಟರ್ ನೀರು ತೆಗೆದುಕೊಳ್ಳಿ. 20 ಗ್ರಾಂ ಪುಡಿ ಉಪ್ಪು ಹಾಕಿ ಕಲಕಿ. ಪೂರ್ತಿ ಕರಗುತ್ತದೆ. ಇನ್ನೊಂದು 20 ಗ್ರಾಂ ಹಾಕಿ, ಎಷ್ಟು ಹೊತ್ತು ಬೇಕಾದರೂ ಕಲಕಿ. ತಳದಲ್ಲಿ ಉಪ್ಪು ಉಳಿಯುತ್ತದೆ. 100 ಮಿಲಿಲೀಟರ್ ನೀರು ಸುಮಾರು 36 ಗ್ರಾಂ ಉಪ್ಪನ್ನು ಮಾತ್ರ ಕರಗಿಸಿಕೊಳ್ಳಬಲ್ಲದು. ನೀವು ಹಾಕಿದ್ದು ಎರಡರಷ್ಟಾದರೂ ಕರಗಿದ್ದು ಎರಡರಷ್ಟಾಗಲಿಲ್ಲ.

ಕರುಳಿನಲ್ಲೂ ಹೀಗಾಗುತ್ತದೆಯೇ? ನೀರಿನಲ್ಲಿ ಸುಲಭವಾಗಿ ಕರಗದ ಔಷಧಿಗಳಲ್ಲಿ ಆಗುತ್ತದೆ. ರಿವರೋಕ್ಸಬಾನ್ ಎಂಬುದು ಅಂಥ ಒಂದು ಔಷಧಿ. ವಯಸ್ಸಾದವರಲ್ಲಿ ಕೆಲವೊಮ್ಮೆ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ, ಸರಿಯಾಗಿ ಕುಗ್ಗದೆ ಬರೀ ಅದುರತೊಡಗುತ್ತವೆ. ಆಗ ಅಲ್ಲಿ ರಕ್ತ ಸರಾಗವಾಗಿ ಹರಿಯದೆ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಚೂರೊಂದು ಮಿದುಳಿಗೆ ಹೋಗಿ ರಕ್ತನಾಳವನ್ನು ಮುಚ್ಚಿದರೆ ಲಕ್ವ ಹೊಡೆಯುತ್ತದೆ. ಹೀಗಾಗದಂತೆ ರಕ್ತ ಹೆಪ್ಪುಗಟ್ಟುವುದನ್ನು ತಡೆಯಲು ಕೊಡುವ ಔಷಧಿಗಳಲ್ಲಿ ಇದೊಂದು. ಯುರೋಪಿನಲ್ಲಿ 2008ರಲ್ಲಿ ಬಳಕೆಗೆ ಬಂತು. ಈಗ ನಮ್ಮಲ್ಲಿಯೂ ವೈದ್ಯರು ಬರೆದುಕೊಡುತ್ತಾರೆ.

ಇದರ 10 ಮಿಲಿಗ್ರಾಂ ಮಾತ್ರೆಯಲ್ಲಿ ನೂರಕ್ಕೆ 80ರಿಂದ 100ರಷ್ಟು ಭಾಗ ದಕ್ಕುತ್ತದೆ. ಹೊಟ್ಟೆ ಖಾಲಿಯಿದ್ದರೂ ಸರಿ, ತುಂಬಿದ್ದರೂ ಸರಿ. ಆದರೆ 20 ಮಿಲಿಗ್ರಾಂ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ನುಂಗಿದರೆ ದಕ್ಕುವುದು ನೂರಕ್ಕೆ ಸುಮಾರು 66 ಭಾಗ. ಲೆಕ್ಕ ಮಾಡಿ: 10ರಲ್ಲಿ ದಕ್ಕಿದ್ದು 8ರಿಂದ 10. 20ರಲ್ಲಿ ದಕ್ಕಿದ್ದು ಸುಮಾರು 13. ನುಂಗಿದ್ದು ಎರಡರಷ್ಟು, ದಕ್ಕಿದ್ದು ಒಂದೂವರೆಯಷ್ಟರ ಆಸುಪಾಸು. ಉಳಿದ ಸುಮಾರು 7 ಮಿಲಿಗ್ರಾಂ ಹಣ ಕೊಟ್ಟು ತಂದು ಹಾಗೆಯೇ ಹೊರಗೆ ಕಳಿಸಿದಂತೆ.

ಇದೇ 20 ಮಿಲಿಗ್ರಾಂ ಮಾತ್ರೆಯನ್ನು ಊಟದೊಡನೆ ತೆಗೆದುಕೊಂಡರೆ ಹೆಚ್ಚುಕಡಿಮೆ ಪೂರ್ತಿ ದಕ್ಕುತ್ತದೆ. ಊಟ ಬಂದಾಗ ಜಠರ ಬೇಗನೆ ಖಾಲಿಯಾಗುವುದಿಲ್ಲ, ಔಷಧಿಗೆ ಕರಗಲು ಬಿಡುವು ಸಿಗುತ್ತದೆ. ಜಿಡ್ಡನ್ನು ಕರಗಿಸಲು ಬರುವ ಪಿತ್ತರಸ ಈ ಔಷಧಿ ಕರಗುವುದಕ್ಕೂ ನೆರವಾಗುತ್ತದೆ. ಆದ್ದರಿಂದಲೇ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳನ್ನು ಆಹಾರದೊಡನೆ ತೆಗೆದುಕೊಳ್ಳಬೇಕೆಂಬ ಸೂಚನೆ ಇದೆ.

ಈಗ ಏಕಾದಶಿಯ ಪ್ರಶ್ನೆಗೆ ಬನ್ನಿ. ರಾಮಾನುಜಾಚಾರ್ಯರ ನೆನಪನ್ನು ಇಂದಿಗೂ ಉಳಿಸಿಕೊಂಡಿರುವ ಸಾಲಿಗ್ರಾಮದಂಥ ಊರಿನಲ್ಲಿ ಏಕಾದಶಿಯ ಉಪವಾಸ ಹೊಸದಲ್ಲ. ಬೇರೆ ಮನೆಗಳಲ್ಲಿ ಸೋಮವಾರವೋ ಶನಿವಾರವೋ ಒಪ್ಪೊತ್ತು ಇರುತ್ತಾರೆ, ರಂಜಾನಿನಲ್ಲಿ ಹಗಲೆಲ್ಲ ರೋಜಾ ಇರುತ್ತಾರೆ. ಹಿರಿಯರ ವ್ರತವನ್ನು ಬಿಡಿಸುವುದು ನಮ್ಮ ಕೆಲಸವಲ್ಲ. ಆದರೆ ರಾತ್ರಿ ಊಟದೊಡನೆ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ಅಂದು ಬರೀ ನೀರಿನಲ್ಲಿ ನುಂಗಿದರೆ ಮೂರನೆಯ ಒಂದು ಭಾಗ ದಕ್ಕದೆ ಹೋಗುತ್ತದೆ. ಆ ರಾತ್ರಿ ಹೆಪ್ಪುಗಟ್ಟುವಿಕೆಯ ವಿರುದ್ಧದ ಕಾವಲು ಅಷ್ಟರ ಮಟ್ಟಿಗೆ ಸಡಿಲವಾಗುತ್ತದೆ. ಮಾತ್ರೆಯಂತೂ ನುಂಗಿ ಆಗಿದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆಸ್ಪತ್ರೆಗೆ ಹೋದಾಗಲೇ 'ನಮ್ಮ ಅಜ್ಜಿ ತಿಂಗಳಿಗೆ ಎರಡು ದಿನ ಉಪವಾಸ ಇರುತ್ತಾರೆ, ಆ ದಿನ ಈ ಮಾತ್ರೆಯನ್ನು ಹೇಗೆ ಕೊಡಬೇಕು?' ಎಂದು ಕೇಳಿದರೆ ವೈದ್ಯರು ದಾರಿ ಹೇಳುತ್ತಾರೆ. ಕೇಳದಿದ್ದರೆ ಅವರಿಗೆ ಗೊತ್ತಾಗುವ ಬಗೆ ಹೇಗೆ?

ಮರೆತ ಮಾತ್ರೆಗೆ ಮರುದಿನ ಎರಡು ನುಂಗುವುದೂ ಇಲ್ಲಿ ಅಪಾಯದ ಕೆಲಸ. ಊಟದೊಡನೆ ಎರಡೂ ದಕ್ಕಿದರೆ ರಕ್ತ ಬೇಕಾದುದಕ್ಕಿಂತ ತೆಳುವಾಗಿ, ಹೊಟ್ಟೆಯಲ್ಲೋ ಮಿದುಳಿನಲ್ಲೋ ರಕ್ತಸ್ರಾವವಾಗುವ ಸಂಭವ ಹೆಚ್ಚುತ್ತದೆ.

ಚಿಕ್ಕದೇ ಸಾಕು

ಮೂರನೆಯ ಉದಾಹರಣೆ ನಿಮಗೆಲ್ಲ ಹೆಸರು ಗೊತ್ತಿರುವ ಆಸ್ಪಿರಿನ್. ಜರ್ಮನಿಯಲ್ಲಿ 1897ರಲ್ಲಿ ಶುದ್ಧ ರೂಪದಲ್ಲಿ ತಯಾರಾದ ಈ ಔಷಧಿ ಬಹುಕಾಲ ತಲೆನೋವಿನ ಮಾತ್ರೆಯಾಗಿಯೇ ಇತ್ತು. ತಲೆನೋವಿಗೆ 300 ಮಿಲಿಗ್ರಾಮಿಗೂ ಹೆಚ್ಚು ಬೇಕು. ಆದರೆ ಒಮ್ಮೆ ಹೃದಯಾಘಾತವಾದವರಿಗೆ ವೈದ್ಯರು ದಿನಕ್ಕೆ 75 ಮಿಲಿಗ್ರಾಂ ಮಾತ್ರ ಬರೆದುಕೊಡುತ್ತಾರೆ. ತಲೆನೋವಿಗಿಂತ ಹೃದಯಾಘಾತ ದೊಡ್ಡ ರೋಗವಲ್ಲವೇ? ದೊಡ್ಡ ರೋಗಕ್ಕೆ ಇಷ್ಟು ಸಣ್ಣ ಮಾತ್ರೆ ಏಕೆ?

ಡೆಂಗ್ಯೂ ಜ್ವರದ ಸುದ್ದಿಯಲ್ಲಿ ಪ್ಲೇಟ್‌ಲೆಟ್ ಎಂಬ ಹೆಸರನ್ನು ಕೇಳಿದ್ದೀರಿ. ರಕ್ತ ಹೆಪ್ಪುಗಟ್ಟಲು ಒಂದಕ್ಕೊಂದು ಅಂಟಿಕೊಳ್ಳುವ ಸಣ್ಣ ಕಣಗಳು ಇವು. ಆಸ್ಪಿರಿನ್ ಇವುಗಳಲ್ಲಿನ ಒಂದು ಕಿಣ್ವವನ್ನು ಕೆಡಿಸಿ, ಅಂಟುವ ಗುಣವನ್ನು ಕುಗ್ಗಿಸುತ್ತದೆ. ಆಸ್ಪಿರಿನ್ ಈ ಬಗೆಯ ಕಿಣ್ವವನ್ನು ತಡೆದೇ ಕೆಲಸ ಮಾಡುತ್ತದೆ ಎಂಬ ದಾರಿಯನ್ನು 1971ರಲ್ಲಿ ತೋರಿಸಿದ ಜಾನ್ ವೇನ್ ಅವರಿಗೆ 1982ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರ ಇಲ್ಲ. ಆದ್ದರಿಂದ ಕೆಟ್ಟ ಕಿಣ್ವಕ್ಕೆ ಬದಲು ಹೊಸದನ್ನು ಅದು ತಯಾರಿಸಿಕೊಳ್ಳಲಾರದು. ಅದರ ಆಯುಷ್ಯ 7ರಿಂದ 10 ದಿನ. ಸಾಯುವವರೆಗೂ ಆ ಕಣ ಹಾಗೆಯೇ ಇರುತ್ತದೆ.

ಇನ್ನು ನಾಲೆಯ ಚಿತ್ರವನ್ನು ಮತ್ತೆ ನೆನೆಯಿರಿ. ಆಸ್ಪಿರಿನ್ನಿನ ಸುಮಾರು ಅರ್ಧ ಭಾಗ ಕರುಳಿನ ಗೋಡೆ ಮತ್ತು ಯಕೃತ್ತಿನಲ್ಲಿ ರೂಪ ಬದಲಿಸುತ್ತದೆ. ಆದರೆ ಅದು ಕೆಲಸ ಮಾಡಬೇಕಾದ ಪ್ಲೇಟ್‌ಲೆಟ್‌ಗಳು ಕರುಳಿನಿಂದ ಯಕೃತ್ತಿಗೆ ಹೋಗುವ ರಕ್ತದಲ್ಲೂ ಹರಿಯುತ್ತಿರುತ್ತವೆ. ನಾಲೆಯ ಕೊನೆಯ ಗದ್ದೆಯನ್ನು ತಲುಪುವ ಮೊದಲೇ, ತೂಬಿನ ಬುಡದಲ್ಲೇ ಕೆಲಸ ನಡೆದುಹೋಗುತ್ತದೆ! ದಿನದಿನವೂ ಕೊಟ್ಟ ಸಣ್ಣ ಪ್ರಮಾಣ ಕೆಲವೇ ದಿನಗಳಲ್ಲಿ ಬಹುತೇಕ ಎಲ್ಲ ಪ್ಲೇಟ್‌ಲೆಟ್‌ಗಳನ್ನೂ ಹಿಡಿದುಬಿಡುತ್ತದೆ. ಇದಕ್ಕಿಂತ ದೊಡ್ಡ ಮಾತ್ರೆಯನ್ನು ದಿನವೂ ನುಂಗಿದರೆ ಹೃದಯಕ್ಕೆ ಅದರಿಂದ ಹೆಚ್ಚಿನ ರಕ್ಷಣೆ ಸಿಗುವುದಿಲ್ಲ, ಜಠರದಲ್ಲಿ ಹುಣ್ಣು, ರಕ್ತಸ್ರಾವ ಮಾತ್ರ ಹೆಚ್ಚಬಹುದು. ಹಾಗೆಂದು ವೈದ್ಯರನ್ನು ಕೇಳದೆ 75 ಮಿಲಿಗ್ರಾಂ ಮಾತ್ರೆಯನ್ನು ಯಾರೂ ತಾವಾಗಿ ಶುರುಮಾಡಬಾರದು. ಎಲ್ಲರಿಗೂ ಅದು ಬೇಕಿಲ್ಲ, ಕೆಲವರಿಗೆ ಅದು ಹಾನಿ.

ಅಂಕಿ ಒಂದೇ, ಮಾತ್ರೆ ಬೇರೆ

ಪ್ರಮಾಣದ ಮಾತು ಬಂದಾಗ ಡಿಜಾಕ್ಸಿನ್ ಬಗ್ಗೆ ಹೇಳದಿರಲಾಗದು. ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಒಂದು ಹೂಗಿಡದ ಎಲೆಯಿಂದ ಹೃದಯದ ಕಾಯಿಲೆಯ ಊತ ಇಳಿಯುವುದನ್ನು ಹಲವು ವರ್ಷ ಗಮನಿಸಿ 1785ರಲ್ಲಿ ಪುಸ್ತಕ ಬರೆದರು. ಎಷ್ಟು ಎಲೆ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಅಳೆದು ಗುರುತಿಸಿದ್ದೇ ಅವರ ದೊಡ್ಡ ಸಾಧನೆ. ಅದೇ ಜಾತಿಯ ಇನ್ನೊಂದು ಗಿಡದಿಂದ 1930ರಲ್ಲಿ ಡಿಜಾಕ್ಸಿನ್ನನ್ನು ಬೇರ್ಪಡಿಸಲಾಯಿತು. ಇದರ ಮಾತ್ರೆ 0.25 ಮಿಲಿಗ್ರಾಂ, ಅಂದರೆ ಒಂದು ಮಿಲಿಗ್ರಾಮಿನ ಕಾಲು ಭಾಗ. ಗುಣ ಮಾಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಿರಿದು. ಚೀಟಿ ಓದುವಾಗ ದಶಮಾಂಶದ ಚುಕ್ಕೆಯನ್ನು ತಪ್ಪಾಗಿ ಓದಿದರೆ ಏನಾಗಬಹುದೆಂದು ನೀವೇ ಊಹಿಸಿ. ನಮ್ಮ ಹಿತ್ತಲಿನ ಕಣಗಿಲೆಯಲ್ಲೂ ಹೃದಯದ ಮೇಲೆ ಇದೇ ರೀತಿ ಕೆಲಸ ಮಾಡುವ ವಿಷವಿದೆ. ಒಂದು ಎಲೆಯಲ್ಲಿ ಎಷ್ಟಿದೆ ಎಂದು ಅಳೆಯುವ ಬಗೆ ಮನೆಯಲ್ಲಿ ಇಲ್ಲ. ಆದ್ದರಿಂದಲೇ ಅದು ಔಷಧಿಯಲ್ಲ, ವಿಷ.

1971ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ ವೈದ್ಯಲೋಕವನ್ನು ಬೆಚ್ಚಿಬೀಳಿಸಿತು. ಬೇರೆ ಬೇರೆ ತಯಾರಿಕೆಯ ಡಿಜಾಕ್ಸಿನ್ ಮಾತ್ರೆಗಳನ್ನು ಒಂದೇ ಪ್ರಮಾಣದಲ್ಲಿ ಕೊಟ್ಟಾಗ ರಕ್ತದಲ್ಲಿ ಕಂಡ ಮಟ್ಟದಲ್ಲಿ ಏಳರಷ್ಟು ವ್ಯತ್ಯಾಸ ಬಂತು. ಮಾತ್ರೆಯ ಮೇಲಿನ ಅಂಕಿ ಒಂದೇ, ಆದರೆ ಅವು ಕರಗುವ ಬಗೆ ಬೇರೆ. ಆಮೇಲೆ ಮಾತ್ರೆ ಎಷ್ಟು ಹೊತ್ತಿನಲ್ಲಿ ಎಷ್ಟು ಕರಗಬೇಕು ಎಂಬ ಪರೀಕ್ಷೆಗಳು ಬಿಗಿಯಾದವು. ಇನ್ನೂ ಒಂದು ಸ್ವಾರಸ್ಯವಿದೆ. ಸುಮಾರು ಹತ್ತರಲ್ಲಿ ಒಬ್ಬರ ಕರುಳಿನಲ್ಲಿ ವಾಸಿಸುವ ಒಂದು ಬಗೆಯ ಬ್ಯಾಕ್ಟೀರಿಯಾ ಈ ಔಷಧಿಯ ಗಣನೀಯ ಭಾಗವನ್ನು ನಿಷ್ಪ್ರಯೋಜಕ ಮಾಡಿಬಿಡುತ್ತದೆ. ಅಂಥವರು ಬೇರೆ ಯಾವುದೋ ಸೋಂಕಿಗೆ ಆಂಟಿಬಯಾಟಿಕ್ ನುಂಗಿದಾಗ ಆ ಬ್ಯಾಕ್ಟೀರಿಯಾ ಸತ್ತು, ಹಳೆಯ ಪ್ರಮಾಣದ ಡಿಜಾಕ್ಸಿನ್ನೇ ಅತಿಯಾಗಬಹುದು. ಹೊಸ ವೈದ್ಯರ ಬಳಿ ಹೋದಾಗ ಹಳೆಯ ಮಾತ್ರೆಗಳನ್ನೆಲ್ಲ ತೋರಿಸಬೇಕು ಎನ್ನುವುದು ಏಕೆಂದು ಈಗ ತಿಳಿಯಿತಲ್ಲವೇ?

ಮಾತ್ರೆಯ ಹೆಸರಿನ ಮುಂದೆ ಎಕ್ಸ್‌ಎಲ್, ಎಸ್‌ಆರ್ ಮುಂತಾದ ಅಕ್ಷರಗಳಿದ್ದರೆ ಅವನ್ನೂ ಗಮನಿಸಿ. ಇವು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ಔಷಧಿಯನ್ನು ಬಿಡುವಂತೆ ಮಾಡಿದ ಮಾತ್ರೆಗಳು. ನುಂಗಲು ಕಷ್ಟವೆಂದು ಇವನ್ನು ಕುಟ್ಟಿ ಪುಡಿಮಾಡಿ ಜೇನುತುಪ್ಪದಲ್ಲಿ ಕಲಸಿ ಕೊಟ್ಟರೆ, ಇಡೀ ದಿನದ ಔಷಧಿ ಒಮ್ಮೆಗೇ ಹೊರಬರುತ್ತದೆ. ಕೆರೆಯ ಏರಿ ಒಡೆದಂತೆ. ಪ್ರಮಾಣ ಬದಲಾಗಲಿಲ್ಲ, ಆದರೂ ಅಪಾಯ ಬಂತು.

ನೀವು ಮಾಡಬಹುದಾದದ್ದು

ಇಷ್ಟನ್ನೆಲ್ಲ ಕೇಳಿದ ಮೇಲೆ, 'ಹಾಗಾದರೆ ಯಾವ ಮಾತ್ರೆ ಎಷ್ಟು ದಕ್ಕುತ್ತದೆಂದು ನಾವು ಲೆಕ್ಕ ಹಾಕಬೇಕೇ?' ಎಂದು ನೀವು ಕೇಳಬಹುದು. ಬೇಡ. ಆ ಲೆಕ್ಕವನ್ನು ಸಾವಿರಾರು ಜನರ ಮೇಲೆ ನಡೆದ ಪರೀಕ್ಷೆಗಳು ಮಾಡಿವೆ. ಯಕೃತ್ತು ತೆಗೆದುಹಾಕುವುದನ್ನೂ, ಕರಗದೆ ಹೋಗುವುದನ್ನೂ ಕಳೆದೇ ಮಾತ್ರೆಯ ಪ್ರಮಾಣವನ್ನು ಗೊತ್ತುಮಾಡಿರುತ್ತಾರೆ. ರೋಗಿಯ ವಯಸ್ಸು, ತೂಕ, ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಅದನ್ನು ಹೊಂದಿಸಿರುತ್ತಾರೆ. ನಾವು ಮನೆಯಲ್ಲಿ ಕುಳಿತು ಅರ್ಧ ಮಾಡಿದಾಗ, ಎರಡು ಮಾಡಿದಾಗ ಕೆಡುವುದು ಆ ಲೆಕ್ಕ.

ನೀವು ಮಾಡಬೇಕಾದ ಕೆಲಸ ಬೇರೆ ಇದೆ. ಮನೆಯ ಹಿರಿಯರ ಮಾತ್ರೆಗಳ ಪಟ್ಟಿಯೊಂದನ್ನು ದಪ್ಪ ಅಕ್ಷರಗಳಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಹೆಸರು, ಮಿಲಿಗ್ರಾಂ, ಎಷ್ಟು ಹೊತ್ತಿಗೆ, ಊಟಕ್ಕೆ ಮುಂಚೆಯೋ ಊಟದೊಡನೆಯೋ ಎಂದು ನಾಲ್ಕು ಅಂಕಣ ಇರಲಿ. ನುಂಗಿದ ದಿನಕ್ಕೆ ಒಂದು ಗುರುತು ಹಾಕಿ. ಹಾಗೆ ಮಾಡಿದರೆ 'ನಿನ್ನೆ ನುಂಗಿದೆನೋ ಇಲ್ಲವೋ' ಎಂಬ ಗೊಂದಲ ಬಾರದು.

ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ನಾಲ್ಕು ಪ್ರಶ್ನೆಗಳನ್ನು ಬರೆದು ಕೊಡಿ. ಒಂದು ಹೊತ್ತಿನದು ಮರೆತರೆ ಏನು ಮಾಡಬೇಕು? ಉಪವಾಸದ ದಿನ ಏನು ಮಾಡಬೇಕು? ಇದನ್ನು ಮುರಿಯಬಹುದೇ, ಪುಡಿಮಾಡಬಹುದೇ? ಅಂಗಡಿಯಲ್ಲಿ ಬೇರೆ ಹೆಸರಿನ ಮಾತ್ರೆ ಕೊಟ್ಟರೆ ತೆಗೆದುಕೊಳ್ಳಬಹುದೇ? ಕೇಳಲು ಸಂಕೋಚ ಬೇಡ. ಅಜ್ಜನಿಗೆ ಸಂಕೋಚವಾದರೆ ನೀವೇ ಜೊತೆಗೆ ಹೋಗಿ ಕೇಳಿ. ಅಂಗಡಿಯಿಂದ ಮಾತ್ರೆ ತಂದ ಕೂಡಲೇ ಚೀಟಿಯಲ್ಲಿರುವ ಅಂಕಿಗೂ ಮಾತ್ರೆಯ ಹಾಳೆಯ ಮೇಲಿನ ಅಂಕಿಗೂ ತಾಳೆ ನೋಡಿ. ಚುಕ್ಕೆಯನ್ನೂ ಬಿಡಬೇಡಿ. ಮಾತ್ರೆ ತೆಗೆದುಕೊಂಡವರಿಗೆ ತಲೆಸುತ್ತು, ನಾಡಿ ತೀರಾ ನಿಧಾನ, ವಾಂತಿ, ಕಪ್ಪು ಬಣ್ಣದ ಮಲ ಇಂಥವು ಕಂಡರೆ ಮನೆಯಲ್ಲಿ ಚರ್ಚೆ ಮಾಡುತ್ತ ಕೂರದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ವಿದ್ಯಾರ್ಥಿ ಮಿತ್ರರೇ, ತ್ರೈರಾಶಿ ಸುಳ್ಳಲ್ಲ. ಆದರೆ ಪ್ರತಿ ಲೆಕ್ಕಕ್ಕೂ ಅದು ಸಲ್ಲುತ್ತದೆಯೇ ಎಂದು ಮೊದಲು ಕೇಳಿಕೊಳ್ಳುವುದನ್ನು ವಿಜ್ಞಾನ ಕಲಿಸುತ್ತದೆ. ನಾಲೆಗೆ ಎಷ್ಟು ನೀರು ಬಿಟ್ಟರು ಎಂಬುದು ತೂಬಿನ ಬಳಿ ಗೊತ್ತಾಗುತ್ತದೆ. ಗದ್ದೆಗೆ ಎಷ್ಟು ಬಂತು ಎಂಬುದು ಗದ್ದೆಯಲ್ಲಿ ನಿಂತು ನೋಡಿದಾಗಲೇ ಗೊತ್ತಾಗುವುದು. ಮಾತ್ರೆಯ ಮೇಲಿನ ಅಂಕಿ ತೂಬಿನ ಅಂಕಿ ಮಾತ್ರ. ಮುಂದಿನ ಸಲ ಅಜ್ಜಿ 'ಇವತ್ತು ಎರಡು ನುಂಗಲೇ?' ಎಂದು ಕೇಳಿದಾಗ, 'ಬೇಡಜ್ಜಿ, ಡಾಕ್ಟರನ್ನು ಕೇಳೋಣ' ಎನ್ನುವಷ್ಟು ತಿಳಿವಳಿಕೆ ನಿಮ್ಮದಾದರೆ ಈ ಮಾತುಕತೆ ಸಾರ್ಥಕ.